ಎಫ್‌ಇಐ ಒಂದು ಸ್ಟಾರ್ ಎಂಟ್ರಿ ತಿರಸ್ಕಾರ: ಮೊದಲು ವೇಗ ನೋಡಿ

ರಾಷ್ಟ್ರೀಯ ಎಂಡ್ಯೂರೆನ್ಸ್ ರೈಡ್‌ಗಳನ್ನು (ದೂರದ ಕುದುರೆ ಸವಾರಿ ಸ್ಪರ್ಧೆ) ಮುಗಿಸಿದರೂ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವಾದ ಎಫ್‌ಇಐನ ಒಂದು ಸ್ಟಾರ್, ಅಂದರೆ 100 ಕಿಮೀ ಹಂತದ ಎಂಟ್ರಿ ಸಿಗಲಿಲ್ಲ ಅಂದಿರಲ್ವಾ, ಬಹುಶಃ ವೇಗವೇ ಕಾರಣ. ನೋವಿಸ್ ಹಂತದಲ್ಲಿ (ಸ್ಟಾರ್ ಸ್ಪರ್ಧೆಗೂ ಮುಂಚಿನ ಅರ್ಹತಾ ಹಂತ) ಸರಾಸರಿ ವೇಗ ನಿಯಮದ ಗರಿಷ್ಠ ಮಿತಿ ದಾಟಿದರೆ ಆ ರೈಡ್ ಅರ್ಹತೆಗೆ ಲೆಕ್ಕವಿಲ್ಲ. ಪ್ರತಿ ರೈಡ್‌ನ ಫಲಿತಾಂಶ ಪಟ್ಟಿ ತೆಗೆದು ಮೊದಲು ಅದನ್ನೇ ನೋಡಿ. ಆಮೇಲೆ ಕುದುರೆಯ ದಾಖಲೆ: ಸವಾರನ ಅರ್ಹತೆ ಬೇರೆ, ಕುದುರೆಯದು ಬೇರೆ, ಹಾಗಾಗಿ ನೀವು ಇನ್ನೊಂದು ಕುದುರೆ ಮೇಲೆ ಮುಗಿಸಿದ್ದು ಈ ಕುದುರೆಯ ಲೆಕ್ಕಕ್ಕೆ ಸೇರುವುದಿಲ್ಲ. ಗೆರೆ ದಾಟಿದ ಮೇಲೆ ಕುದುರೆಯ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯದೆಯೋ, ವೆಟ್ (ಪಶುವೈದ್ಯರು) ಮುಂದೆ ಓಡಿಸಿ ತೋರಿಸುವಾಗ ಕುಂಟಿಯೋ ಹೊರಬಿದ್ದಿದ್ದರೆ ಅದೂ ಮುಗಿಸಿದ ರೈಡ್ ಅಲ್ಲ. ಇಷ್ಟು ಬಿಗಿ ಬೇಕೇ ಬೇಕು, ಕುದುರೆ ತನ್ನ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ಎಫ್‌ಇಐಗೆ ಬರೆಯಬೇಡಿ. ನೋಂದಣಿ, ಎಂಟ್ರಿ ಎಲ್ಲಾ ನಿಮ್ಮ ರಾಷ್ಟ್ರೀಯ ಫೆಡರೇಶನ್ ಮೂಲಕವೇ, ಪಟ್ಟಿಗಳನ್ನು ಅವರಿಗೆ ಕಳಿಸಿ ಯಾವ ರೈಡ್ ಒಪ್ಪಿಲ್ಲ ಅಂತ ಕೇಳಿ.