ನಾನು ಇಂಗ್ಲಿಷ್ ಶಿಕ್ಷಕಿ. ಮನೆಯಲ್ಲಿ ಯಾರೂ ಸೈನ್ಯದಲ್ಲಿಲ್ಲ, ಭಾನುವಾರ ಮಾತ್ರ ಬಿಡುವು. ಬೆಳಗಾವಿಯಲ್ಲಿ ಸೈನಿಕ ಕುಟುಂಬಗಳಿಗೆ ನೆರವಾಗುವ ಮಹಿಳಾ ಗುಂಪಿಗೆ ಸೇರಬಹುದೇ?

ಖಂಡಿತ ಸೇರಬಹುದು. ನಮ್ಮ ಮನೆಯಿಂದಲೂ ಯಾರೂ ಸೈನ್ಯಕ್ಕೆ ಹೋದವರಿಲ್ಲ. ಆರು ವರ್ಷಗಳಿಂದ ಇಂಥದ್ದೇ ಒಂದು ಚಿಕ್ಕ ಗುಂಪಿನಲ್ಲಿದ್ದೇನೆ. ಹನ್ನೊಂದು ಮಂದಿಯಲ್ಲಿ ನಾಲ್ವರು ಮಾತ್ರ ಸೈನಿಕರ ಪತ್ನಿಯರು. 1966ರಲ್ಲಿ ಸೇನಾ ಪತ್ನಿಯರ ಕಲ್ಯಾಣ ಸಂಘ ಎಂಬ ಹೆಸರಿನಲ್ಲಿ ಆರಂಭವಾದ ‘ಆವಾ’ ಮುಖ್ಯವಾಗಿ ಸೈನಿಕರ ಪತ್ನಿಯರದ್ದು. ಊರಿನ ಸ್ವಯಂಸೇವಾ ಗುಂಪುಗಳಿಗೆ ಆ ಕಟ್ಟಳೆ ಇಲ್ಲ.

ನೀವು ಇಂಗ್ಲಿಷ್ ಶಿಕ್ಷಕಿ ಎಂದು ಬರೆದಿದ್ದೀರಿ. ನಮಗೆ ಬೇಕಾದದ್ದೇ ಅದು. ಯಾಕೆಂದು ಹೇಳುತ್ತೇನೆ.

ಮೊದಲ ಸಲ ಬೈಲಹೊಂಗಲ ಕಡೆಯ ಹಳ್ಳಿಯೊಂದಕ್ಕೆ ಶಾಲು, ಹಣ್ಣು ಹಿಡಿದುಕೊಂಡು ಹೋಗಿದ್ದೆವು. ಮಾಜಿ ಹವಾಲ್ದಾರರೊಬ್ಬರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಪತ್ನಿ ಶಾಲನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿಟ್ಟರು. ಅಲ್ಲಿ ಆಗಲೇ ನಾಲ್ಕು ಶಾಲುಗಳಿದ್ದವು. ಆಮೇಲೆ ಜೋಳದ ಡಬ್ಬಿಯ ಹಿಂದಿನಿಂದ ಮಡಚಿದ ಕಾಗದವೊಂದನ್ನು ತೆಗೆದು, ‘ಅಕ್ಕಾ, ಇದರಲ್ಲಿ ಏನಿದೆ, ಓದಿ ಹೇಳುತ್ತೀರಾ?’ ಎಂದರು. ಇಂಗ್ಲಿಷ್ ಪತ್ರ. ಬಂದು ನಾಲ್ಕು ತಿಂಗಳಾಗಿತ್ತು. ಗಂಡನ ಸೇವಾ ದಾಖಲೆಯಲ್ಲಿ ಗಂಗಾಬಾಯಿ, ಆಧಾರ್‌ನಲ್ಲಿ ಗಂಗವ್ವ (ಹೆಸರು ಬದಲಿಸಿದ್ದೇನೆ). ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಕಳಿಸಿ ಎಂದಷ್ಟೇ ಅದರಲ್ಲಿತ್ತು. ಆ ಒಂದು ಹಾಳೆಗಾಗಿ ಕುಟುಂಬ ಪಿಂಚಣಿ ನಿಂತಿತ್ತು. ಆಕೆ ಕೂಲಿಗೆ ಹೋಗುತ್ತಿದ್ದರು.

ನಮ್ಮ ಕಡೆಯ ಹೆಸರುಗಳಿಗೆ ಈ ತೊಡಕು ಮತ್ತೆ ಮತ್ತೆ ಬರುತ್ತದೆ. ಮದುವೆಯಾದ ಹುಡುಗ ದೂರದ ಠಾಣ್ಯದಲ್ಲಿ ಹೆಂಡತಿಯ ಹೆಸರು ಬರೆಸುವಾಗ, ಹಿಂದಿ ಕಿವಿಗೆ ‘ಅವ್ವ’ ಹೋಗಿ ‘ಬಾಯಿ’ಯೋ ‘ದೇವಿ’ಯೋ ಆಗಿಬಿಡುತ್ತದೆ. ಸೈನಿಕರು ಬದುಕಿರುವಾಗಲೇ ಸೇವಾ ದಾಖಲೆಗಳನ್ನು ಇಡುವ ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆದು ತಿದ್ದಿಸಿಕೊಂಡರೆ ಹೆಂಡತಿ ಮುಂದೆ ಅಲೆಯಬೇಕಿಲ್ಲ. ಮರಾಠಾ ಲಘು ಪದಾತಿದಳದ ಕಚೇರಿ ಇಲ್ಲೇ ಬೆಳಗಾವಿಯಲ್ಲಿದೆ. ಮದ್ರಾಸ್ ರೆಜಿಮೆಂಟಿನದು ಊಟಿ ಬಳಿಯ ವೆಲ್ಲಿಂಗ್ಟನ್‌ನಲ್ಲಿ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ. ಹಾಗಾಗಿ ಯಾವ ಮನೆಗೆ ಹೋದರೂ ಮೊದಲು ಡಿಸ್ಚಾರ್ಜ್ ಬುಕ್ (ಸೈನ್ಯದಿಂದ ಬಿಡುಗಡೆಯಾಗುವಾಗ ಕೊಡುವ ಪುಸ್ತಕ) ಮತ್ತು ಪಿಂಚಣಿ ಆದೇಶವನ್ನು ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸುತ್ತೇವೆ. ‘ನಾನು ಸತ್ತ ಮೇಲಿನ ಮಾತು ಈಗೇಕೆ?’ ಎಂದು ಮುನಿಸಿಕೊಳ್ಳುವ ಹಿರಿಯರಿದ್ದಾರೆ. ಅವರ ಎದುರು ಕುಳಿತು, ಚಹಾ ಕುಡಿದು, ಮತ್ತೆ ಕೇಳಬೇಕಾಗುತ್ತದೆ.

ಇನ್ನೊಂದು ತೊಡಕು, ಪಿಂಚಣಿ ಪಡೆಯುವವರು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರ. ಹೊಲದಲ್ಲಿ ದುಡಿದು ಸವೆದ ಬೆರಳುಗಳ ಗುರುತನ್ನು ಯಂತ್ರ ಹಿಡಿಯುವುದಿಲ್ಲ. 2021ರಿಂದ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಿಸಬಹುದು. ಇದು ಗೊತ್ತಿಲ್ಲದೆ ಎಪ್ಪತ್ತು ದಾಟಿದವರು ಬಸ್ ಹತ್ತಿ ಇಳಿದು ಸುಸ್ತಾಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಸೇರುವ ಮುನ್ನ ಗುಂಪನ್ನು ನೀವೂ ಪರೀಕ್ಷಿಸಿ. ಪಿಂಚಣಿ ಮಾಡಿಸಿಕೊಡಲು ಹಣ ಕೇಳುವವರು, ಒಟಿಪಿ ಕೇಳುವವರು, ನೆರವು ಕೊಡುವಾಗ ಆ ತಾಯಂದಿರನ್ನು ನಿಲ್ಲಿಸಿ ಫೋಟೊ ತೆಗೆಯುವವರು ಇದ್ದರೆ ಅಲ್ಲಿಂದ ಎದ್ದು ಬನ್ನಿ. ಪರಿಹಾರದ ಹಣಕ್ಕಾಗಿ ಅತ್ತೆ-ಸೊಸೆ ನಡುವೆ ಜಗಳವಿದ್ದರೆ ಯಾರ ಪರವೂ ನಿಲ್ಲಬೇಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಇಬ್ಬರನ್ನೂ ಕರೆದುಕೊಂಡು ಹೋಗಿ. ಗುಂಪುಗಳ ವಿಳಾಸವನ್ನೂ ಅಲ್ಲಿ ಅಥವಾ ನಿಮ್ಮ ತಾಲ್ಲೂಕಿನ ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಬಹುದು.

ಭಾನುವಾರ ಕಚೇರಿಗಳಿಗೆ ರಜೆ, ನಿಜ. ಪತ್ರ ಓದಿ ಅರ್ಥ ಹೇಳುವುದಕ್ಕೆ, ಉತ್ತರ ಬರೆದುಕೊಡುವುದಕ್ಕೆ ಅದೇ ಒಳ್ಳೆಯ ದಿನ; ಕೂಲಿಗೆ ಹೋಗುವವರಲ್ಲಿ ಕೆಲವರಾದರೂ ಅಂದು ಮನೆಯಲ್ಲಿ ಸಿಗುತ್ತಾರೆ. ಮೊದಲ ಕೆಲವು ಭೇಟಿಗಳಿಗೆ ಹಳಬರೊಬ್ಬರ ಜೊತೆ ಹೋಗಿ. ಗಂಡ ಹೇಗೆ ತೀರಿಕೊಂಡರು ಎಂದು ನೀವಾಗಿ ಕೇಳಬೇಡಿ. ಅವರೇ ಹೇಳತೊಡಗಿದರೆ ಕಾಗದಗಳನ್ನು ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಿ, ಕೊನೆಯ ಬಸ್ ತಪ್ಪಿದರೂ ಸರಿ.