ಅಮೆರಿಕದಲ್ಲಿ ಜಾಸ್ತಿ ಮತ ಪಡೆದವರೂ ಅಧ್ಯಕ್ಷರ ಚುನಾವಣೆ ಸೋಲುವುದು ಹೇಗೆ?

ಅಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಇಡೀ ದೇಶದ ಒಟ್ಟು ಮತಗಳಿಂದಲ್ಲ, ಒಂದೊಂದು ರಾಜ್ಯದ ಲೆಕ್ಕದಿಂದ. ಅದಕ್ಕೇ ಹೀಗಾಗುತ್ತದೆ.

ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರ್‌ಗಳಿರುತ್ತಾರೆ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು. ಒಟ್ಟು 538 ಮಂದಿ. ಗೆಲ್ಲಲು 270 ಬೇಕು. ಮೇನ್, ನೆಬ್ರಾಸ್ಕಾ ಬಿಟ್ಟು ಉಳಿದ 48 ರಾಜ್ಯಗಳಲ್ಲಿ, ಒಂದೇ ಒಂದು ಮತ ಜಾಸ್ತಿ ಬಂದರೂ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಗೆದ್ದವರ ಪಾಲು. ಹತ್ತು ಲಕ್ಷದ ಅಂತರದಲ್ಲಿ ಗೆದ್ದರೂ ಸಿಗುವುದು ಅಷ್ಟೇ!

2000ನೇ ಇಸವಿಯನ್ನೇ ನೋಡಿ. ದೇಶದಾದ್ಯಂತ ಅಲ್ ಗೋರ್ ಅವರಿಗೆ 5 ಲಕ್ಷಕ್ಕೂ ಜಾಸ್ತಿ ಮತಗಳ ಮುನ್ನಡೆ ಇತ್ತು. ಆದರೆ ಎಲ್ಲವೂ ನಿಂತಿದ್ದು ಫ್ಲೋರಿಡಾ ಮೇಲೆ. ಮರುಎಣಿಕೆಯಲ್ಲಿ ಅಧಿಕಾರಿಗಳು ಮತಪತ್ರಗಳನ್ನು ಬೆಳಕಿಗೆ ಹಿಡಿದು, ಮತದಾರರು ತಮ್ಮ ಆಯ್ಕೆ ತೋರಿಸಲು ಮಾಡಿದ ತೂತು ಪೂರ್ತಿ ಬಿದ್ದಿದೆಯಾ ಅಂತ ಒಂದೊಂದಾಗಿ ನೋಡುತ್ತಿದ್ದರು. ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಆ ಎಣಿಕೆ ನಿಲ್ಲಿಸಿತು. ಸುಮಾರು 60 ಲಕ್ಷ ಜನ ಮತ ಹಾಕಿದ ರಾಜ್ಯದಲ್ಲಿ ಗೋರ್ ಅವರ ಎದುರಾಳಿ ಜಾರ್ಜ್ ಬುಷ್ ಗೆದ್ದದ್ದು ಬರೀ 537 ಮತಗಳಿಂದ. ಅಲ್ಲಿನ 25 ಎಲೆಕ್ಟರ್‌ಗಳೂ ಸೇರಿ ಅವರ ಲೆಕ್ಕ 271ಕ್ಕೆ ಮುಟ್ಟಿತು.

ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಸೋತದ್ದೂ ಹೀಗೇ, 28 ಲಕ್ಷಕ್ಕೂ ಜಾಸ್ತಿ ಮತ ಪಡೆದು.