ಯುದ್ಧಕಾಲದ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ಕಾಗದ ತಲುಪುತ್ತಿದ್ದದ್ದು ಹೇಗೆ?

ಪಡೆಯ ಹೆಸರೊಂದೇ ಸಾಕಾಗಿತ್ತು. ಎರಡನೇ ಮಹಾಯುದ್ಧಕ್ಕೆಂದು ಈಜಿಪ್ಟಿಗೆ ಹೋಗಿದ್ದ ಸೋದರಮಾವನ ಮಗನಿಗೆ (ಆಮೇಲೆ ನಿಮ್ಮ ತಾತ) ನಿಮ್ಮಜ್ಜಿ ಕೋಲಾರದಿಂದ ಬರೆದ ಕಾಗದಗಳ ಮೇಲೆ ಸೈನಿಕ ಸಂಖ್ಯೆ, ದರ್ಜೆ, ಹೆಸರು, ಪಡೆ ಇಷ್ಟೇ ಇರುವುದು ಅದಕ್ಕೇ.

ಕೋಲಾರದಲ್ಲಿ ಡಬ್ಬಿಗೆ ಹಾಕಿದ ಕಾಗದ ಮೊದಲು ಸೇನೆಯ ಕೇಂದ್ರ ಅಂಚೆ ಕಚೇರಿಗೆ ಹೋಗುತ್ತಿತ್ತು. ಯಾವ ಪಡೆ ಸದ್ಯ ಎಲ್ಲಿದೆ ಎಂಬ ಗುಟ್ಟಿನ ಪಟ್ಟಿ ಇರುತ್ತಿದ್ದದ್ದು ಅಲ್ಲಿ. ಪಡೆ ಈಜಿಪ್ಟಿನಿಂದ ಇಟಲಿಗೆ ಹೋದರೆ ಪಟ್ಟಿ ತಿದ್ದುತ್ತಿದ್ದರು. ಅಜ್ಜಿ ಹಳೇ ವಿಳಾಸವನ್ನೇ ಬರೆದರಾಯಿತು. ಮುಂದೆ ಹಡಗು, ಆಮೇಲೆ ಬರೀ ಸಂಖ್ಯೆಯಿಂದ ಗುರುತಿಸುವ ರಣರಂಗದ ಅಂಚೆ ಕಚೇರಿ.

ಕಾಗದ ಶತ್ರುವಿಗೆ ಸಿಕ್ಕರೂ ಪಡೆಯ ಜಾಗ ತಿಳಿಯಬಾರದು, ಅಷ್ಟೇ ಉದ್ದೇಶ. ತಾತ ಬರೆದದ್ದನ್ನು ಅಧಿಕಾರಿಗಳು ಓದಿ, ಊರಿನ ಸುಳಿವಿದ್ದರೆ ಅಳಿಸಿ ಕಳಿಸುತ್ತಿದ್ದರು. ಅಜ್ಜಿಯ ಕಾಗದವನ್ನೂ ಸೆನ್ಸಾರಿನವರು ಒಡೆಯಬಹುದಿತ್ತು. ಹಾಗಾಗಿ ಅದರಲ್ಲಿ ಬರೀ ಕ್ಷೇಮಸಮಾಚಾರ, ಮಳೆ, ರಾಗಿ ಪೈರಿನ ಸುದ್ದಿಯೇ ಇದ್ದರೆ ಪ್ರೀತಿ ಕಮ್ಮಿಯಿತ್ತು ಅಂದುಕೊಳ್ಳಬೇಡಿ!

ಇವತ್ತಿಗೂ ನಮ್ಮ ಸೈನಿಕರಿಗೆ ಪಡೆಯ ಹೆಸರಿನ ಮುಂದೆ '56 ಎಪಿಓ' ಅಥವಾ '99 ಎಪಿಓ' (ಎಪಿಓ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ) ಎಂದು ಬರೆಯುವುದು ಇದೇ ಕ್ರಮದಲ್ಲಿ.